ಕೋಚ್ ಎಚೆವೆರಿ ಬೆನ್ನು ತಿರುಗಿಸಿದ್ದು

ಆ ಹೆಂಗಸು ನನ್ನನ್ನು ಕಂಡರೆ ಬೆನ್ನು ತಿರುಗಿಸುತ್ತಾಳಲ್ಲ, ಯಾಕೆ? ಮೂರು ವಾರ ಈ ಒಂದು ಚಿಂತೆ ನನ್ನನ್ನು ಬಿಡಲಿಲ್ಲ. ಚಿಂತೆಗಳಿಗೇನೂ ನನ್ನಲ್ಲಿ ಕೊರತೆ ಇರಲಿಲ್ಲ. ಹತ್ತು ತಿಂಗಳ ಮಗಳು ತಾಲಾ ನಿದ್ದೆ ಮಾಡಿದರೆ ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದೆ. ದ್ರಾಕ್ಷಿಯನ್ನು ನಾಲ್ಕು ಸೀಳು ಮಾಡಿದ ಮೇಲೂ ಅವಳ ಬಾಯಿಗಿಡುವ ಮೊದಲು ಬೀಜವಿದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದೆ. ನಲವತ್ತು ವರ್ಷ ದ್ರಾಕ್ಷಿ ತೋಟದಲ್ಲೇ ದುಡಿದ ಅತ್ತೆ ಇದನ್ನು ನೋಡಿ, "ಸ್ಯಾನ್ ಹೊಸೆಯವರು ದ್ರಾಕ್ಷಿಗೂ ಆಪರೇಷನ್ ಮಾಡ್ತಾರೆ" ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಕೊಂಡು ಬಂದಿದ್ದರು.

ನಾನು ದೊಡ್ಡ ಪಟ್ಟಣವಾದ ಸ್ಯಾನ್ ಹೊಸೆಯಲ್ಲಿ ಓದಿದವಳು. ಅಲ್ಲಿ ಹೈಸ್ಕೂಲಿನ ಸಾಫ್ಟ್‌ಬಾಲ್ ತಂಡದಲ್ಲಿ ನಾಲ್ಕು ವರ್ಷ ಕ್ಯಾಚರ್ ಆಗಿದ್ದೆ, ಬ್ಯಾಟ್ ಬೀಸುವವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುವವಳು. ಶಾಲೆ ಮುಗಿದ ಬೇಸಿಗೆಯಲ್ಲಿ ರೋಮೆಲ್‌ನನ್ನು ಕಟ್ಟಿಕೊಂಡು ಕಣಿವೆಯ ಈ ಊರಿಗೆ ಬಂದೆ. ಮರುವರ್ಷ ತಾಲಾ ಹುಟ್ಟಿದಳು. ಓದು, ಆಟ ಎರಡೂ ಅಲ್ಲಿಗೆ ನಿಂತವು. ಯಾರೂ ನಿಲ್ಲಿಸೆಂದು ಹೇಳಲಿಲ್ಲ, ಮುಂದುವರಿಸೆಂದೂ ಹೇಳಲಿಲ್ಲ.

ನಮ್ಮ ಬೀದಿಯ ಕೊನೆಗೆ ಎರಡು ವರ್ಷದ ಓದಿನ ಕಮ್ಯುನಿಟಿ ಕಾಲೇಜು. ಅದರ ಮೈದಾನದ ಬೇಲಿಗುಂಟ ಹಾಕಿದ ಕಾಲುದಾರಿ ನುಣ್ಣಗಿತ್ತು, ತಳ್ಳುಗಾಡಿ ಕುಲುಕುತ್ತಿರಲಿಲ್ಲ. ಅದಕ್ಕೇ ದಿನಾ ಅಲ್ಲಿಗೆ ಹೋಗುತ್ತೇನೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ.

ಫೆಬ್ರವರಿಯ ಒಂದು ಮಧ್ಯಾಹ್ನ, ಮಂಜು ಆಗಷ್ಟೇ ಕರಗಿತ್ತು. ಅಭ್ಯಾಸದಲ್ಲಿದ್ದ ಒಬ್ಬಳು ಹೊಡೆದ ಚೆಂಡು ಬೇಲಿ ಹಾರಿ ನೇರವಾಗಿ ತಾಲಾಳ ಗಾಡಿಯ ಚಕ್ರಕ್ಕೆ ಬಂದು ತಗುಲಿತು. ಒಂದು ಗೇಣು ಮೇಲೆ ಬಂದಿದ್ದರೆ ಎಂದು ನನ್ನ ಜೀವ ಬಾಯಿಗೆ ಬಂತು. ಆ ಸಿಟ್ಟಿಗೆ ಚೆಂಡನ್ನು ಎತ್ತಿ ಒಳಗೆ ಎಸೆದೆ. ಎಸೆದದ್ದು ಕೈ, ನಾನಲ್ಲ. ಅದು ಬೇಲಿ ದಾಟಿ, ಮೈದಾನದ ಅರ್ಧ ದಾಟಿ, ಎರಡನೇ ಬೇಸಿನ ಮೇಲೆ ನಿಂತಿದ್ದ ಹುಡುಗಿಯ ಕೈಗವಸಿಗೆ ಹೋಗಿ ಬಿತ್ತು. ಅವಳು ಕೈ ಅಲುಗಿಸುವ ಪ್ರಮೇಯವೇ ಬರಲಿಲ್ಲ.

ಕೋಚ್ ಬೇಲಿಯ ಹತ್ತಿರ ನಡೆದು ಬಂದರು. ಐವತ್ತೆಂಟರ ಗಟ್ಟಿ ಹೆಂಗಸು, ಬಿಸಿಲಿಗೆ ಸುಟ್ಟ ಕುತ್ತಿಗೆ, ಟೋಪಿಯ ಕೆಳಗೆ ಬಿಳಿ ಜಡೆ.

"ಯಾವ ಸ್ಕೂಲಲ್ಲಿ ಆಡ್ತಿದ್ದೆ?"

"ಸ್ಯಾನ್ ಹೊಸೆಯಲ್ಲಿ."

ಅವರ ಮುಖ ಬಾಗಿಲು ಹಾಕಿಕೊಂಡ ಹಾಗಾಯಿತು. ಗಾಡಿಯಲ್ಲಿದ್ದ ಮಗುವನ್ನು ಒಮ್ಮೆ ನೋಡಿದರು. ಚೆಂಡು ಕೊಟ್ಟಿದ್ದಕ್ಕೆ ಥ್ಯಾಂಕ್ಸ್ ಅಂದು, ತಿರುಗಿ ಹೊರಟೇಬಿಟ್ಟರು. ಮಾರನೆಯ ದಿನ ನಾನು ಬರುವುದನ್ನು ಕಂಡು ಆಟಗಾರರು ಕೂರುವ ಚಾವಣಿಯಡಿಗೆ ಸರಿದರು. ಅದರ ಮಾರನೆಯ ದಿನವೂ ಅಷ್ಟೇ.

ಮಗುವನ್ನು ನೋಡಿಯೇ ಬೇಡವೆಂದರು ಎಂದು ನಾನು ಲೆಕ್ಕ ಹಾಕಿದೆ. ಇಪ್ಪತ್ತಕ್ಕೇ ಮಗು ಕಂಕುಳಲ್ಲಿಟ್ಟುಕೊಂಡವಳು ಎಂದುಕೊಂಡಿರಬೇಕು. ಅಥವಾ ನನ್ನ ಸಿಟ್ಟು ಅವರಿಗೆ ಕಂಡಿರಬೇಕು. ದಾರಿ ಬದಲಿಸಿದೆ. ಬೇರೆ ದಾರಿಯಲ್ಲಿ ಗಾಡಿ ಕುಲುಕಿ ತಾಲಾ ಅತ್ತಳು. ಮತ್ತೆ ಬೇಲಿಯ ದಾರಿಗೇ ಬಂದೆ.

ಮೂರನೆಯ ಭಾನುವಾರ ರೋಮೆಲ್‌ನ ದೊಡ್ಡಪ್ಪನ ಮಗಳು ಚಾರೀ ಅಕ್ಕ ಊಟಕ್ಕೆ ಬಂದಿದ್ದರು. ಅವರು ಹಿಂದೊಮ್ಮೆ ಅದೇ ಕಾಲೇಜಿಗೆ ಆಡಿದವರು. ಅತ್ತೆ ಅನ್ನಕ್ಕೆ ಕೋಳಿಯ ಅಡೋಬೊ ಬಡಿಸುತ್ತಿದ್ದಾಗ ನಾನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ಚಾರೀ ಅಕ್ಕ ಚಮಚ ಕೆಳಗಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

"ಅಯ್ಯೋ ಹುಚ್ಚಿ, ನೀನು ಬೇರೆ ಜಿಲ್ಲೆ ಹೈಸ್ಕೂಲಲ್ಲಿ ಓದಿದವಳು. ಅಂಥವರನ್ನ ಕೋಚ್ ತಾವಾಗಿ ತಂಡಕ್ಕೆ ಕರೆಯೋ ಹಾಗಿಲ್ಲ, ಕಾಲೇಜು ಆಟದ ನಿಯಮ ಅದು. ಕಾಲೇಜು ನೋಡೋಕೆ ಬಾ ಅಂತ ಒಂದು ಮಾತೂ ಅನ್ನೋ ಹಾಗಿಲ್ಲ. ನೀನೇ ಮೊದ್ಲು ಕೇಳ್ಬೇಕು. ಯಾವ ಸ್ಕೂಲು ಅಂತ ಬಾಯಿ ಜಾರಿ ಕೇಳಿದ್ದಕ್ಕೇ ಆಫೀಸಿಗೆ ಹೋಗಿ ತಪ್ಪೊಪ್ಕೊಂಡಿರ್ತಾರೆ ನೋಡು."

ನಾನು ನಂಬಲಿಲ್ಲ. ಆಗ ಅವರು ಬುರಿಟೊ ಕತೆ ಹೇಳಿದರು. ಒಂದು ವರ್ಷ ಕಾಲೇಜು ನೋಡಲು ಬಂದ ಹುಡುಗಿಯೊಬ್ಬಳು ಬೆಳಗಿನಿಂದ ಏನೂ ತಿಂದಿರಲಿಲ್ಲ. ಕೋಚ್ ಪಲ್ಯ ತುಂಬಿ ಸುತ್ತಿದ ರೊಟ್ಟಿಯಂಥ ತಮ್ಮ ಬುರಿಟೊದಲ್ಲಿ ಅರ್ಧ ಮುರಿದು ಕೊಟ್ಟರು. ಹಾಗೆ ಬಂದವರಿಗೆ ಕೋಚ್ ಊಟ ಹಾಕುವಂತಿಲ್ಲ ಎಂಬುದು ಆ ಸಂಜೆ ನೆನಪಾಯಿತು. ಕೂಡಲೇ ಕೂತು ತಮ್ಮ ಮೇಲೆ ತಾವೇ ದೂರು ಬರೆದರು, ಬುರಿಟೊದ ಒಳಗೆ ಏನೇನಿತ್ತು ಎಂಬುದನ್ನೂ ಬಿಡದೆ. ಅಂದಿನಿಂದ ಭೇಟಿಯ ದಿನ ಅವರು ಮೈದಾನದಲ್ಲಿ ಏನೂ ತಿನ್ನುವುದಿಲ್ಲ. ತಿಂದರೆ ಕೊಡಬೇಕೆನಿಸುತ್ತದಂತೆ.

ಅದಕ್ಕೊಂದು ಹಿಂದಿನ ಕತೆಯಿತ್ತು. ಕೋಚ್ ಗ್ರಾಸಿಯಾನಾ ಎಚೆವೆರಿಯ ಅಜ್ಜ ಕಡಲಾಚೆಯ ಬಾಸ್ಕ್ ಸೀಮೆಯಿಂದ ಕುರಿ ಮೇಯಿಸಲು ಬಂದವರು, ಅಪ್ಪನೂ ಕುರಿಗಾಹಿಯೇ. ಹದಿನೆಂಟರಲ್ಲಿ ಈಕೆಯ ಆಟ ಕಂಡು ದೂರದ ಕಾಲೇಜೊಂದರ ಕೋಚ್ ಮನೆಗೇ ಬಂದಿದ್ದ. ಅಮ್ಮ ಮಾಡಿದ ಕುರಿಮಾಂಸದ ಸಾರನ್ನು ಎರಡು ಸಲ ಬಡಿಸಿಕೊಂಡ, ಅಮ್ಮನ ಕೈ ಹಿಡಿದು ಮಗಳು ಮೊದಲ ದಿನದಿಂದಲೇ ಆಡುತ್ತಾಳೆ ಎಂದ. ಅಲ್ಲಿಗೆ ಹೋಗಿ ನೋಡಿದರೆ ಅದೇ ಜಾಗವನ್ನು ಇನ್ನೂ ಮೂವರಿಗೆ ಹೇಳಿದ್ದ. ಕ್ರಿಸ್‌ಮಸ್‌ಗೆ ಮನೆಗೆ ಮರಳಿದವರು ಮತ್ತೆ ಹೋಗಲಿಲ್ಲ. ಇದೇ ಕಾಲೇಜಿಗೆ ಸೇರಿ, ಆಡಿ, ಕೊನೆಗೆ ಇಲ್ಲಿಯೇ ಕೋಚ್ ಆದರು. ಇಪ್ಪತ್ತಾರು ವರ್ಷ ತಂಡದ ವ್ಯಾನನ್ನು ಅವರೇ ಓಡಿಸಿದ್ದಾರೆ, ತಮ್ಮ ಪಿಕಪ್ಪಿಗೆ ಕಬ್ಬಿಣದ ಜಾಲ ಕಟ್ಟಿ ಮೈದಾನದ ಮಣ್ಣನ್ನು ಅವರೇ ಸಮ ಮಾಡಿದ್ದಾರೆ. ಯಾರ ಮನೆಯ ಹೊಸಿಲನ್ನೂ ಮಾತು ಕೊಡಲು ತುಳಿದಿಲ್ಲ. ಬೇಕಾದವಳು ತಾನೇ ಕೇಳಿಕೊಂಡು ಬರಲಿ, ಆಗ ಬಿಟ್ಟು ಹೋಗುವುದಿಲ್ಲ ಎನ್ನುತ್ತಾರಂತೆ.

ಈ ಎರಡು ವರ್ಷ ಎಲ್ಲರೂ ನನ್ನ ಪರವಾಗಿ ಏನೇನೋ ತೀರ್ಮಾನಿಸಿದ್ದರು, ಪ್ರೀತಿಯಿಂದಲೇ. ಒಬ್ಬರು ಮಾತ್ರ ನನ್ನ ಬಾಯಿಂದಲೇ ಬರಲಿ ಎಂದು ಕಾಯುತ್ತಿದ್ದರು. ಅದನ್ನು ನಾನು ತಿರಸ್ಕಾರವೆಂದು ತಿಳಿದಿದ್ದೆ.

ಆದರೂ ಸೋಮವಾರ ಫೋನ್ ಮಾಡಲಿಲ್ಲ. ತಾಲಾಗೆ ಮೈ ಬಿಸಿಯಾದರೆ? ತರಗತಿಯ ಹೊತ್ತಿನಲ್ಲಿ ಅವಳನ್ನು ಯಾರು ನೋಡಿಕೊಳ್ಳುತ್ತಾರೆ? ಮೊಣಕಾಲು ಮೊದಲಿನಂತಿದೆಯೇ? ಮಂಗಳವಾರವೂ ಮಾಡಲಿಲ್ಲ. ಬುಧವಾರ ಬಳ್ಳಿ ಸವರುವ ಕೆಲಸ ಮುಗಿಸಿ ಬೇಗ ಬಂದ ಅತ್ತೆ, ಮಣ್ಣಿನ ಬೂಟು ಬಿಚ್ಚುತ್ತಾ ನನ್ನನ್ನು ನೋಡಿದರು.

"ಮಗು ಇಲ್ಲಿ ಕೊಡು. ದ್ರಾಕ್ಷಿ ನಾಲ್ಕಲ್ಲ, ಎಂಟು ಸೀಳೇ ಮಾಡಿ ಕೊಡ್ತೀನಿ. ಹೋಗು, ಫೋನ್ ಮಾಡು."

ಅಡುಗೆಮನೆಯ ಗೋಡೆಗೊರಗಿ ಕೋಚ್ ಅವರ ಕಾಲೇಜಿನ ನಂಬರ್ ಒತ್ತಿದೆ. ಎರಡು ಸಲ ರಿಂಗಾಯಿತು.

"ಎಚೆವೆರಿ."

"ನಾನು ಮಾರಿಸೆಲ್. ಬೇಲಿ ಹತ್ರ ಚೆಂಡು ಎಸೆದವಳು. ನಿಮ್ಮ ತಂಡದಲ್ಲಿ ಆಡೋಕೆ ಬರಬಹುದಾ ಅಂತ ಕೇಳೋಕೆ ಫೋನ್ ಮಾಡಿದೆ."

ಆ ಕಡೆ ಪುಟ ಮಗುಚಿದ ಸದ್ದು.

"ಒಂದ್ನಿಮಿಷ, ಗಂಟೆ ಎಷ್ಟು ಅಂತ ಬರ್ಕೋತೀನಿ. ಫೋನ್ ನೀನೇ ಮಾಡಿದ್ದು, ಅಲ್ವಾ?"

"ಹೌದು."

"ನಾನು ಮಾಡಿದ್ದಲ್ಲ."

"ಅಲ್ಲ."

ಪೆನ್ನು ಮೇಜಿನ ಮೇಲೆ ಬಿತ್ತು. ಅವರು ಉದ್ದಕ್ಕೆ ಉಸಿರು ಬಿಟ್ಟರು. ಮತ್ತೆ ಮಾತಾಡಿದಾಗ ದನಿಯೇ ಬೇರೆ ಆಗಿತ್ತು.

"ಮಗು ಹೆಸರೇನಮ್ಮ? ಮೂರು ವಾರದಿಂದ ಕೇಳ್ಬೇಕು ಅಂತಿದ್ದೆ. ನಾಳೆ ಹನ್ನೊಂದಕ್ಕೆ ಬಾ, ಅವಳನ್ನೂ ಕರ್ಕೊಂಡು ಬಾ. ನಿನ್ನ ಊಟ ನೀನೇ ತಂದ್ಕೋ, ನಾನು ಕೊಡೋ ಹಾಗಿಲ್ಲ. ಮಗುಗೆ ಒಂದು ಬಾಳೆಹಣ್ಣು ಕೊಡಬಹುದಾ ಅಂತ ಅಷ್ಟರಲ್ಲಿ ಆಫೀಸಲ್ಲಿ ಕೇಳಿ ಇಟ್ಟಿರ್ತೀನಿ."