ಗಾಜಿನೊಳಗೆ ತೂಗುತ್ತಿದ್ದ ಮರ

ನರೀನ್ ನದಿಗೆ ಅಣೆಕಟ್ಟು ಎದ್ದಾಗ ಸೈರಕಾನ್ ಇನ್ನೂ ಹಲ್ಲು ಬಿದ್ದ ಹುಡುಗಿ. ಆ ಕಿರ್ಗಿಜ್ ಕಣಿವೆಯ ಊರುಗಳನ್ನು ಯಾರೂ ಒಂದು ಮಾತು ಕೇಳಲಿಲ್ಲ. ಲಾರಿ ಬಂತು, ಹತ್ತಿ ಅಂದರು, ಹತ್ತಿದರು. ಕರೆಂಟು ಬರುತ್ತದೆ ಅಂದಿದ್ದರು. ಬಂತು, ತಂತಿ ಹಿಡಿದು ಇವರ ತಲೆಯ ಮೇಲೇ ಹಾದು ಬೇರೆಲ್ಲಿಗೋ ಹೋಯಿತು. ಮನೆ, ಜರ್ದಾಳು ತೋಟ, ಗೋರಿಗಳು ನೀರಿನಡಿ ಉಳಿದವು.

ಆ ನೀರೇ ಈಗ ಅವಳಿಗೆ ಅನ್ನ. ಚಳಿಗಾಲವೆಲ್ಲ ಕರೆಂಟಿಗೆಂದು ನೀರು ಬಿಟ್ಟೂ ಬಿಟ್ಟೂ ವಸಂತದ ಹೊತ್ತಿಗೆ ಜಲಾಶಯದ ಅಂಚಿನ ತಳ ಕಾಣುತ್ತದೆ. ಸೈರಕಾನ್ ಉದ್ದ ಬೂಟು ಹಾಕಿಕೊಂಡು ಕೆಸರಿಗಿಳಿದು ಬೇರು, ಬೊಡ್ಡೆ, ಕೊಂಬೆ ಕೀಳುತ್ತಾಳೆ. ಮದುವೆ ಅಡುಗೆಯ ಕಡಾಯಿಯಲ್ಲಿ ಹಾಕಿ, ಮರ ಬಿಡುವ ಚಹಾ ಬಣ್ಣ ತೆಳುವಾಗುವ ತನಕ ನೀರು ಚೆಲ್ಲಿ ಚೆಲ್ಲಿ ಕುದಿಸುತ್ತಾಳೆ. ಅದು ಬಿಷ್ಕೆಕ್ ಪಟ್ಟಣದ ಅಕ್ವೇರಿಯಂ ಅಂಗಡಿಗೆ ಹೋಗುತ್ತದೆ. ಮೀನಿಗೆ ಅಡಗಲು ಇಂಥ ಮರ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಪಾಚಿ ಬೆಳೆಸುವ ಶೋಕಿಯವರಿಗೂ ಬೇಕು. ಆದರೆ ಮನುಷ್ಯರ ಕೈಕೆಲಸದ ಮರವನ್ನು ಅವಳು ಮುಟ್ಟುವುದಿಲ್ಲ. ಮೊಳೆಯ ತೂತೋ ಉಳಿಯ ಗುರುತೋ ಕಂಡರೆ ಅಲ್ಲೇ ಬಿಡುತ್ತಾಳೆ. ಅದು ಯಾರದೋ ಮನೆ.

ಮಗ ಎರ್ಮೆಕ್‌ನದು ಹೆದ್ದಾರಿ ಬದಿಯ ಚಹಾದಂಗಡಿ. ಗಿರಾಕಿಗಳು ಕರಿದ ಮೀನು ತಿನ್ನುತ್ತ ಬದುಕಿರುವ ಮೀನು ನೋಡಲಿ ಅಂತ ಅವನೂ ಒಂದು ಅಕ್ವೇರಿಯಂ ಇಟ್ಟಿದ್ದ. ಅದರೊಳಗೆ ಅಪಾ, ಅಂದರೆ ಅವನ ಅವ್ವ ತಂದ, ಬಿಲ್ಲಿನಂತೆ ಬಾಗಿದ ಒಂದು ಕೊಂಬೆ. ಗಾಳಿ ಪಂಪಿನ ಗುಳ್ಳೆ ತಾಗಿದಾಗಲೆಲ್ಲ ಅದು ಮೆಲ್ಲಗೆ ಆ ಕಡೆ ಈ ಕಡೆ ತೂಗುತ್ತಿತ್ತು. ನೋಡಲು ಚೆಂದವೇ.

ಆ ಬೇಸಿಗೆ ಎರ್ಮೆಕ್‌ನ ಕೂಸು ಮೊಲೆ ಬಿಟ್ಟಿತು. ಕಣ್ಣು ಮುಚ್ಚಿದರೆ ಚಿಟ್ಟನೆ ಚೀರಿ ಎಚ್ಚರಾಗುತ್ತಿತ್ತು. ನರ್ಸ್ ಬಂದು ಸೂಜಿ ಹಾಕಿ ಹೋದಳು. ಕೂಸು ಒಣಗುತ್ತ ಹೋಯಿತು.

ಒಂದು ಮಧ್ಯಾಹ್ನ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೈರಕಾನ್ ಗಾಜಿನೆದುರು ಕೂತಿದ್ದಳು. ಹೀರುಬಾಯಿ ಮೀನುಗಳು ಮರದ ಲೋಳೆಯನ್ನೆಲ್ಲ ನೆಕ್ಕಿ ತೆಗೆದಿದ್ದವು. ಕುದಿಸಿದರೂ ಬಿಡದೆ ಕಲ್ಲಾಗಿ ಕೂತಿದ್ದ ಕೆಸರು ಉದುರಿ, ಎರಡೂ ತುದಿಯಲ್ಲಿ ಚೌಕನೆಯ ತೂತು ಕಾಣುತ್ತಿತ್ತು. ಉಳಿಯ ಕೆಲಸ.

ಅವಳು ಗಾಜಿಗೆ ಮುಖ ಒತ್ತಿ ನೋಡಿದಳು. ಆ ಕಣಿವೆಯವರ ತೊಟ್ಟಿಲು ನೇತಾಡುವುದಲ್ಲ, ನೆಲದ ಮೇಲೆ ನಿಂತು ತೂಗುವಂಥದ್ದು. ಅದರ ಅಡಿಯ ಬಾಗಿದ ಕಾಲು ಇದು. ಖಾಲಿ ತೊಟ್ಟಿಲು ತೂಗಿದರೆ ಮನೆಯ ಕೂಸಿಗೆ ಕೇಡು. ಇಲ್ಲಿ ಹಗಲೂ ರಾತ್ರಿ ಪಂಪು ತೂಗುತ್ತಿತ್ತು.

ಲಾರಿ ಹತ್ತುವ ದಿನ ಅವಳ ತಾಯಿ ಒಂದು ತೊಟ್ಟಿಲನ್ನು ಹಿಂದೆಯೇ ಬಿಟ್ಟಿದ್ದಳು. ಆ ಚಳಿಗಾಲ ತಂಗಿ ಚಿನಾರ್ ಸತ್ತದ್ದು ಅದರಲ್ಲೇ. ಇದು ಅದೇ ಇರಬಹುದು. ಮುಳುಗಿದ ಇನ್ನಾವ ಮನೆಯದೂ ಇರಬಹುದು.

"ಎರ್ಮೆಕ್, ಪಂಪು ಆರಿಸು."

"ಆರಿಸಿದ್ರೆ ಮೀನು ಸಾಯ್ತವೆ ಅಪಾ."

"ಸಾಯ್ಲಿ. ಆರ್ಸೋ ಅಂದ್ರೆ!"

ಆರಿಸಿದ. ಗುಳ್ಳೆ ನಿಂತವು. ಮರ ನಿಲ್ಲಲಿಲ್ಲ.

"ಮೀನು ತಳ್ತಾ ಇರ್ಬೇಕು," ಅಂದ ಎರ್ಮೆಕ್.

ಅವನ ಹೆಂಡತಿ ಬುರುಲ್ ಹತ್ತಿರ ಬಂದು ನೋಡಿದಳು. ಮೀನುಗಳೆಲ್ಲ ಒಂದು ಮೂಲೆಯಲ್ಲಿ ಒತ್ತಿಕೊಂಡು ನಿಂತಿದ್ದವು. "ಯಾವ ಮೀನು?" ಅಂದಳು.

ಸೈರಕಾನ್ ಮೊಣಕೈವರೆಗೆ ನೀರಿಗೆ ಕೈಹಾಕಿ ಅದನ್ನು ಎತ್ತಿದಳು. ಜಲಾಶಯಕ್ಕೆ ಎಸೆದರೆ ಮುಂದಿನ ವಸಂತಕ್ಕೆ ಮತ್ತೆ ಮೇಲೆ ಬರುತ್ತದೆ. ಸುಡಲು ಧೈರ್ಯವಾಗಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಗುಡ್ಡದ ಸ್ಮಶಾನಕ್ಕೆ ನಡೆದಳು. ಅಲ್ಲಿ ಊರಿನ ಮೌಲ್ವಿ ಶೇರಾಲಿ ಬೇಲಿ ಬಿಗಿಯುತ್ತಿದ್ದ.

"ಏನಕ್ಕಾ, ಕಟ್ಟಿಗೇನೂ ಮಣ್ಣು ಮಾಡೋಕೆ ತಂದ್ಯಾ? ನಾಳೆ ಮುರಿದ ಕುರ್ಚಿ ತರ್ತೀಯೇನೋ. ನಾನು ಕಟ್ಟಿಗೆಗೆಲ್ಲ ಪ್ರಾರ್ಥನೆ ಓದಲ್ಲ."

"ಓದ್ಬೇಡ. ಗುದ್ದಲಿ ಕೊಡು."

ಮುದುಕ ಅವಳ ಮುಖ ನೋಡಿದ. ಗುದ್ದಲಿ ಕೊಡಲಿಲ್ಲ, ತಾನೇ ಅಗೆದ. ಬಟ್ಟೆ ಬಿಚ್ಚಿ ಮರದ ಮೇಲೆ ಕೈಯಾಡಿಸಿದ.

"ಇದು ಒಂದೇ ಕಾಲು. ಇನ್ನೊಂದೆಲ್ಲಿ?"

ಸೈರಕಾನ್‌ಗೆ ಆಗ ಹೊಳೆಯಿತು. ಕೆಸರಲ್ಲಿ ಸಿಕ್ಕಿದ್ದು ಎರಡು, ಒಂದರ ಪಕ್ಕ ಒಂದು. ಒಂದನ್ನು ಮಗ ಇಟ್ಟುಕೊಂಡ. ಇನ್ನೊಂದನ್ನು ಅವಳೇ ಕುದಿಸಿ, ಒರೆಸಿ, ಬಿಷ್ಕೆಕ್‌ಗೆ ಕಳಿಸಿದ್ದಳು.

ಇದ್ದ ಒಂದನ್ನೇ ಮಣ್ಣು ಮಾಡಿ ಮನೆಗೆ ಬಂದರೆ ಕೂಸು ಹೊಟ್ಟೆ ತುಂಬ ಕುಡಿದು ಮಲಗಿತ್ತು. "ಸೂಜಿ ಈಗ ಹಿಡೀತು ನೋಡು," ಅಂದ ಎರ್ಮೆಕ್. ಸೈರಕಾನ್ ಪಟ್ಟಣದ ಅಂಗಡಿಯವನಿಗೆ ಫೋನು ಹಚ್ಚಿದಳು.

"ಆ ಬಿಲ್ಲಿನಂಥದ್ದಾ? ಯಾವಾಗ್ಲೋ ಹೋಯ್ತು ಅಪಾ. ಗಂಡ ಹೆಂಡ್ತಿ ಬಂದಿದ್ರು. ಗುಳ್ಳೆಗೆ ಹೆಂಗೆ ತೂಗುತ್ತೆ ಅಂತ ನಾನೇ ತೋರಿಸ್ದೆ, ಮರುಳಾಗಿ ತಗೊಂಡ್ರು."

"ಯಾರವ್ರು? ಎಲ್ಲಿದೆ ಮನೆ?"

"ಹೆಸ್ರು ವಿಳಾಸ ಕೇಳೋಕೆ ನಾನೇನು ಪೊಲೀಸಾ?"

"ಜೊತೇಲಿ ಮಗು ಇತ್ತಾ?"

"ಇಲ್ಲಪ್ಪ." ಅವನು ಸ್ವಲ್ಪ ಯೋಚಿಸಿದ. "ಆಯಮ್ಮನ ಹೊಟ್ಟೇಲಿತ್ತು."

ಸೈರಕಾನ್ ತಲೆವಸ್ತ್ರ ಬಿಗಿದು ರಸ್ತೆಗೆ ಬಂದಳು. ಎರ್ಮೆಕ್ ಹಿಂದೆಯೇ ಓಡಿಬಂದ. "ಹುಚ್ಚು ಹಿಡೀತಾ ಅಪಾ ನಿಂಗೆ? ಅಷ್ಟು ದೊಡ್ಡ ಊರಲ್ಲಿ ಯಾರ ಬಾಗಿಲು ತಟ್ತೀಯಾ?"

ಅವಳು ಕೈ ಅಡ್ಡ ಹಿಡಿದಳು. ಕಣಿವೆ ದಾಟಿ ಹೋಗುವ ಕಾರೊಂದು ನಿಂತಿತು.

"ಎಲ್ಲಿಗಮ್ಮಾ?"

"ಬಿಷ್ಕೆಕ್‌ಗೆ."

"ಬಿಷ್ಕೆಕ್‌ನಲ್ಲಿ ಎಲ್ಲಿಗೆ?"

ಸೈರಕಾನ್ ಬಾಗಿಲು ಎಳೆದು ಹಾಕಿಕೊಂಡಳು. "ನೀನು ಗಾಡಿ ಬಿಡಪ್ಪ," ಅಂದಳು.