ಹೊಟ್ಟೆ ಇಳಿಸಿದ ಕಾಟಲಿಂಗಪ್ಪ

ಯಲ್ಲದಕೆರೆ ಸುತ್ತಿನ ಕುರಿಯವರಲ್ಲಿ ಕಾಟಲಿಂಗಪ್ಪನ ನಡಿಗೆಗೆ ಹೆಸರಿತ್ತು. ಭತ್ತದ ಕೊಯ್ಲು ಮುಗಿದು ಮಂದೆ ಭದ್ರಾ ನಾಲೆಯ ಗದ್ದೆಗಳ ಕಡೆ ಮೇಯಲು ಹೊರಟಿತೆಂದರೆ ಅವನು ಮುಂದೆ, ಕುರಿ ಹಿಂದೆ. ಅರವತ್ತು ದಾಟಿದ ಮೇಲೂ ಹಾಗೇ ಇದ್ದ. ಒಂದು ಮಳೆಗಾಲದಲ್ಲಿ ಬದುವಿನಿಂದ ಜಾರಿ ಸೊಂಟಕ್ಕೆ ಪೆಟ್ಟಾಯಿತು. ಸೊಂಟವೇನೋ ವಾಸಿಯಾಯಿತು, ಆದರೆ ಮನೆಯವರು ಅವನನ್ನು ಮತ್ತೆ ಬಿಡಲಿಲ್ಲ.

"ಸವೆದಿದ್ದು ಸಾಕು, ಉಂಡು ಕುಂತ್ಕ" ಅಂದಳು ಹೆಂಡತಿ ಹುಚ್ಚಕ್ಕ.

ಎರಡು ವರ್ಷ ಜಗಲಿಯ ಮೇಲೆ ಕೂತ. ಹೊಟ್ಟೆ ಬಂತು. ಕಂಡವರೆಲ್ಲ "ಮೈ ತುಂಬ್ಕಂಡೈತೆ ಕಣಪ್ಪ" ಎಂದು ಮೆಚ್ಚಿದರು. ಪಂಚೆಯೊಳಗೆ ಸೊರಗಿದ ತೊಡೆ ಯಾರ ಕಣ್ಣಿಗೂ ಬೀಳಲಿಲ್ಲ.

ಮನೆಮನೆಗೆ ಬರುವ ನರ್ಸಮ್ಮ ದೇವಿಕಾ ಅವನ ಹೊಟ್ಟೆಗೆ ಟೇಪು ಹಿಡಿದರು, ಬೆರಳು ಚುಚ್ಚಿ, ತೋಳಿಗೆ ಪಟ್ಟಿ ಸುತ್ತಿ ನೋಡಿದರು. ಸಕ್ಕರೆಯೂ ಜಾಸ್ತಿ, ಬಿಪಿಯೂ ಜಾಸ್ತಿ. ಕೈ ಊರದೆ ಕುರ್ಚಿಯಿಂದ ಏಳಲು ಹೇಳಿದರು. ಎದ್ದ, ಆದರೆ ಕಾಲು ನಡುಗಿತು.

"ಅಜ್ಜಾ, ಹೊಟ್ಟೆ ಇಳೀಬೇಕು. ಕಾಲಿಗೆ ಬಲಾನೂ ಬರಬೇಕು. ಮುದ್ದೆ ಸಣ್ಣದಾಗ್ಲಿ, ಕಾಳು, ಮೊಟ್ಟೆ ಬಿಡಬೇಡ. ಮಾತ್ರೆ ತಗೋ, ದಿನಾ ನಡಿ, ಕುರ್ಚೀಲಿ ಕೂತು ಏಳೋದು ಮಾಡು."

ಕಾಟಲಿಂಗಪ್ಪನ ಕಿವಿಗೆ ಹೋದದ್ದು ಮೊದಲ ಮಾತೊಂದೇ. ಸಂಜೆ ಮಗ ಹರೀಶನ ಹತ್ತಿರ ಹೋದ.

"ಈ ಸಲ ಗದ್ದೆ ಕಡೆ ನಾನೂ ಬತ್ತೀನಿ ಕಣ್ಲೇ."

"ಈ ಹೊಟ್ಟೆ ಹೊತ್ಕಂಡಾ? ಅದನ್ನ ಇಳ್ಸು, ಕರ್ಕಂಡು ಹೋಗ್ತೀನಿ."

ಮಗ ನಗುತ್ತ ಆಡಿದ ಮಾತು. ಅಪ್ಪ ಅದನ್ನೇ ಹಿಡಿದುಕೊಂಡ.

ಬೀಜದ ಟಗರು ಕೊಬ್ಬಿದರೆ ಕುರಿಯವರು ಅದರ ಮೇವು ಕಡಿದು ಹದಕ್ಕೆ ತರುತ್ತಾರೆ. ಕಾಟಲಿಂಗಪ್ಪ ತನಗೂ ಅದನ್ನೇ ಮಾಡಿಕೊಂಡ. ಹೊತ್ತಿಗೊಂದು ಲೋಟ ನೀರಂಬಲಿ, ಅಷ್ಟೇ. ಸೊಸೆ ದೀಪಾ ಹುರುಳಿಕಾಳು ಬೇಯಿಸಿ ತಂದರೆ ತಟ್ಟೆ ಅತ್ತ ತಳ್ಳುತ್ತಿದ್ದ.

"ನರ್ಸಮ್ಮ ಹೇಳಿದ್ದು ಹಿಂಗಲ್ಲ ಮಾವ."

"ಎಷ್ಟು ಟಗರು ಹದ ಮಾಡಿದ ಕೈಯವ್ವ ಇದು, ನಂಗೇ ಹೇಳ್ಕೊಡ್ತೀಯ?"

"ನೀವೇನು ಟಗರಾ?"

ಹುಚ್ಚಕ್ಕ ನಕ್ಕಳು. ಅವನು ನಗಲಿಲ್ಲ.

ಹೊಟ್ಟೆ ಇಳಿಯಿತು. ಉಡಿದಾರ ಸಡಿಲವಾಯಿತು. ಅದನ್ನು ಬೆರಳಲ್ಲಿ ಎಳೆದು ಹರೀಶನಿಗೆ ತೋರಿಸಿದ. ಹರೀಶನಿಗೆ ಇನ್ನು ಬರಬೇಡವೆನ್ನಲು ಬಾಯಿ ಬರಲಿಲ್ಲ. ಜಗಲಿಯಿಂದ ಏಳುವಾಗ ಅಪ್ಪ ಕಂಬ ತಬ್ಬಿಕೊಳ್ಳುತ್ತಿದ್ದುದನ್ನು ಅವನು ಕಂಡಿರಲಿಲ್ಲ. ಯಾರೂ ಇಲ್ಲದ ಹೊತ್ತು ನೋಡಿಯೇ ಅಪ್ಪ ಏಳುತ್ತಿದ್ದ.

ಹೊರಡುವ ಬೆಳಿಗ್ಗೆ ಕುರಿ ಕೂಡುವ ರೊಪ್ಪದ ಬಾಗಿಲಲ್ಲಿ ಒಂದು ಕುರಿ ಈಯಲು ನಿಂತಿತು. ಕಾಟಲಿಂಗಪ್ಪ ಕುಕ್ಕರಗಾಲಲ್ಲಿ ಕೂತು ಮರಿ ಎಳೆದುಕೊಂಡ. ಮೂಗು ಒರೆಸಿದ, ತಾಯಿಯ ಮುಂದೆ ಇಟ್ಟ. ಕೈ ಏನನ್ನೂ ಮರೆತಿರಲಿಲ್ಲ. ಏಳಬೇಕೆಂದ. ತೊಡೆ ಮಾತು ಕೇಳಲಿಲ್ಲ. ನೆಲಕ್ಕೆ ಕೈಯೂರಿದ, ಮತ್ತೆ ಊರಿದ, ಪಕ್ಕಕ್ಕೆ ಉರುಳಿದ.

ಹರೀಶ ಓಡಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿ ಕಲ್ಲಿನ ಮೇಲೆ ಕೂರಿಸಿದ. ಹಿಡಿದ ತೋಳಿನಲ್ಲಿ ಅವನಿಗೆ ಸಿಕ್ಕಿದ್ದು ಬರೀ ಮೂಳೆ. ಮಂದೆ ಅರಚುತ್ತ ಕಾಯುತ್ತಿತ್ತು.

ಅಪ್ಪ ಈದ ಕುರಿಯತ್ತ ಕೈ ತೋರಿಸಿದ. "ಈ ಬಾಣಂತಿ ಕುರಿ ನಡೆಯಾಕಿಲ್ಲ. ಮರೀನೂ ಎಳೇದು. ನಾನು ಇವನ್ನ ನೋಡ್ಕಂಡಿರ್ತೀನಿ. ನೀವು ಹೊರಡ್ರಿ."

ಈದ ಕುರಿಯನ್ನು ಬಿಟ್ಟು ಹೋಗುವ ರೂಢಿ ಅವರಲ್ಲಿಲ್ಲ. ಹುಟ್ಟಿದ ಮರಿಯನ್ನು ಕಂಬಳಿಯಲ್ಲಿ ಸುತ್ತಿಕೊಂಡು ನಡೆಯುತ್ತಾರೆ, ತಾಯಿ ಮರಿಯ ಹಿಂದೆ ಬರುತ್ತದೆ. ಅದನ್ನು ಹರೀಶನಿಗೆ ಕಲಿಸಿದವನೇ ಈ ಅಪ್ಪ.

"ಹೂಂ ಕಣಪ್ಪ, ಯಾರಾದ್ರೂ ಇರ್ಬೇಕಲ್ಲ" ಎಂದ ಹರೀಶ, ಬೇರೆ ಕಡೆ ನೋಡುತ್ತ.

ಮಂದೆ ಹೊರಟಿತು. ದೀಪಾ ಬೇಯಿಸಿದ ಮೊಟ್ಟೆ ತಂದು ಅವನ ಪಕ್ಕ ಇಟ್ಟು ಒಳಗೆ ಹೋದಳು. ಕೊನೆಯ ಕುರಿ ತಿರುವು ದಾಟುವ ಮೊದಲೇ ಮರಿ ತಡವರಿಸಿ ಎದ್ದು ನಿಂತು, ಮೊಲೆ ಹುಡುಕುತ್ತ ನಾಲ್ಕು ಹೆಜ್ಜೆ ಹಾಕಿತು.

"ಮರಿ ಆಗ್ಲೇ ನಡೀತೈತಲ್ಲ" ಅಂದಳು ಹುಚ್ಚಕ್ಕ.

"ಸುಮ್ನಿರೇ" ಅಂದ ಕಾಟಲಿಂಗಪ್ಪ.