ಕಾಣೆಯಾದ ಬುದ್ಧ ಮತ್ತು ಕ್ರೂಸರಿನ ಮುಂದಿನ ಸೀಟು

ಕಳೆದ ಭಾನುವಾರ ನನಗೊಂದು ದೂರು ಬಂತು. ಬುದ್ಧ ಕಾಣೆಯಾಗಿದ್ದಾನೆ!

ದೂರು ತಂದವಳು ನಮ್ಮ ಓಣಿಯ ಕರುಣಾ, ಮೂರನೇ ಕ್ಲಾಸು. ಸ್ಥಳ, ಭೀಮಾ ದಂಡೆಯ ಕಡೆಗಿರುವ ಒಂದು ಸಣ್ಣ ಮ್ಯೂಸಿಯಂ. (ಹೆಸರು ಹೇಳುವುದಿಲ್ಲ. ಅಂದು ನಾವು ಅಲ್ಲಿ ಮಾಡಿದ್ದನ್ನು ಓದಿದ ಮೇಲೆ ಯಾಕೆಂದು ನಿಮಗೇ ತಿಳಿಯುತ್ತದೆ.)

“ಎಲ್ಲಾ ಖೋಲಿ ತಿರುಗಿ ಬಂದೆ ಆಂಟಿ. ಎಲ್ಲಾರ ದೇವರೂ ಸಿಕ್ಕಾವ. ನಂದೊಂದೇ ಇಲ್ಲ,” ಎಂದಳು. ನಾನೇ ಬರೆದುಕೊಟ್ಟ ಚೀಟಿ ಅವಳ ಕೈಯಲ್ಲಿ ಬೆವರಿಗೆ ಮುದ್ದೆಯಾಗಿತ್ತು.

ಇದೆಲ್ಲ ಶುರುವಾದದ್ದು ಈ ಅಂಕಣದಿಂದಲೇ. ಈಗಿನ ಮಕ್ಕಳಿಗೆ ಮೊಬೈಲಿನ ಆಟದ ರಾಕ್ಷಸರೆಲ್ಲ ಗೊತ್ತು, ನಮ್ಮ ಪುರಾಣದ ಒಬ್ಬ ರಾಕ್ಷಸನೂ ಗೊತ್ತಿಲ್ಲ ಎಂದು ಈಚೆಗೆ ಇಲ್ಲಿ ಗೋಳಾಡಿದ್ದೆನಲ್ಲ? ಸೇಡಂನ ಓದುಗರೊಬ್ಬರು ಫೋನ್ ಮಾಡಿದರು. “ಮೇಡಮ್, ಬರಿಯೋದು ಭಾಳ ಸರಳ ಅದ ಬಿಡ್ರಿ. ಒಮ್ಮೆ ಮಕ್ಕಳನ್ನ ಕರಕೊಂಡು ಹೋಗಿ ತೋರಸ್ರಿ ನೋಡೋಣ!” ಅಂದರು. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತು ಎಂಥೆಂಥ ಮಾತನ್ನೋ ನುಂಗಿದವಳು. ಇದನ್ನು ನುಂಗಲು ಆಗಲಿಲ್ಲ.

ವಾಡಿಯ ನಮ್ಮ ಓಣಿಯಲ್ಲಿ ಮಕ್ಕಳಿಗೇನು ಬರವೇ? ಭಾನುವಾರ ಒಬ್ಬರನ್ನು ಕರೆದರೆ ನಾಲ್ವರು ಬರುತ್ತಾರೆ. ಶಹಾಬಾದಿನ ಡ್ರೈವರ್ ಮೌಲಾಸಾಬನ ಕ್ರೂಸರ್ ಜೀಪು ಗೊತ್ತು ಮಾಡಿದೆ. ಪ್ರವಾಸಕ್ಕೆ ‘ದೇವರನ್ನು ಹುಡುಕಿ’ ಎಂದು ಹೆಸರಿಟ್ಟೆ. (ಥೀಮ್ ಇಲ್ಲದೆ ಈಗ ಹುಟ್ಟುಹಬ್ಬವೂ ಆಗುವುದಿಲ್ಲ, ಇನ್ನು ಪ್ರವಾಸ ಹೇಗಾದೀತು?) ಒಬ್ಬೊಬ್ಬರಿಗೆ ಒಂದೊಂದು ಚೀಟಿ. ಚೀಟಿಯಲ್ಲಿ ಬಂದ ದೇವರನ್ನು ಮ್ಯೂಸಿಯಂನಲ್ಲಿ ಹುಡುಕಬೇಕು, ಅದರ ಮುಂದೆ ನಿಂತು ಕಥೆ ಹೇಳಬೇಕು. ಚೆನ್ನಾಗಿ ಹೇಳಿದವರಿಗೆ ಬಹುಮಾನ.

ಬಹುಮಾನ ಏನೆಂದು ಕೇಳಿದ್ದು ಬಸು. ಐದನೇ ಕ್ಲಾಸು, ಆದರೆ ಮಾತು ಪಂಚಾಯಿತಿ ಮೆಂಬರನದು. “ಪೆನ್ನು, ಕಂಪಾಸು ಬ್ಯಾಡ್ರಿ ಆಂಟಿ. ಮನ್ಯಾಗ ರಗಡ ಅವ. ಬರೂಮುಂದ ಡ್ರೈವರ್ ಬಾಜೂಕಿನ ಸೀಟ್ ಕೊಡ್ರಿ.”

ಮಕ್ಕಳೆಲ್ಲ ಹೋ ಎಂದರು. ಕ್ರೂಸರಿನಲ್ಲಿ ಕೂತವರಿಗೆ ಆ ಸೀಟಿನ ಬೆಲೆ ಬಿಡಿಸಿ ಹೇಳಬೇಕೇ? ಹಿಂದೆ ಎದುರುಬದುರು ಕೂತು ಮೊಣಕಾಲಿಗೆ ಮೊಣಕಾಲು ಗುದ್ದಿಸಿಕೊಂಡು ಧೂಳು ಕುಡಿಯಬೇಕು. ಮುಂದೆ ದೊಡ್ಡ ಗಾಜು, ಗಾಳಿ, ಹಾಡು. ಡ್ರೈವರಿನ ಮನಸ್ಸು ಚೆನ್ನಾಗಿದ್ದರೆ ಒಮ್ಮೆ ಹಾರನ್ ಒತ್ತುವ ಭಾಗ್ಯ. ಹೋಗುವಾಗ ಆ ಸೀಟಿನಲ್ಲಿ ನಾನೇ ಕೂತಿದ್ದೆ. ಬರುವಾಗ ಬಿಟ್ಟುಕೊಡುತ್ತೇನೆಂದು ದೊಡ್ಡ ಮನಸ್ಸು ಮಾಡಿ ಹೇಳಿಬಿಟ್ಟೆ. ಹೇಳಿದ ಕೂಡಲೇ ನನ್ನ ಮೊಣಕಾಲು ಸಣ್ಣಗೆ ಮುಲುಗಿದವು.

ಕರುಣಾಗೆ ‘ಬುದ್ಧ’ ಎಂಬ ಚೀಟಿ ಬಂದಾಗ ಅವಳ ಮುಖ ನೋಡಬೇಕಿತ್ತು. “ನಮ್ಮ ಮನೀದೇ ಬಂತು!” ಎಂದು ಕುಣಿದಳು. ಅವರ ಮನೆಯ ಗೋಡೆಯಲ್ಲಿ ಬುದ್ಧನ ಫೋಟೋ ಇದೆ. ದಿನಾ ಶಾಲೆಗೆ ಹೊರಡುವ ಮೊದಲು ಕೈ ಮುಗಿದೇ ಬರುತ್ತಾಳೆ. “ನಮ್ಮಪ್ಪ ಅಂತಾನ, ಬುದ್ಧ ದೇವರಲ್ಲ, ಗುರು,” ಎಂದು ನನ್ನ ಪ್ರವಾಸದ ಹೆಸರನ್ನೇ ತಿದ್ದಿದಳು. ಇರಲಿ, ಗುರುವನ್ನೇ ಹುಡುಕು ಎಂದೆ. ಪಕ್ಕದ ಸನ್ನತಿಯಲ್ಲಿ ಬೌದ್ಧರ ಕಲ್ಲುಗಳು ಸಿಕ್ಕ ಸೀಮೆ ನಮ್ಮದು. ಇಲ್ಲಿ ಬುದ್ಧನಿಗೆ ಕೊರತೆಯೇ ಎಂದುಕೊಂಡಿದ್ದೆ.

ಮ್ಯೂಸಿಯಂ ಒಳಗೆ ಹೋಗಿ ಇನ್ನೂ ಕಣ್ಣು ಹೊಂದಿಸಿಕೊಳ್ಳುತ್ತಿದ್ದೆ, ಮೊದಲ ಗಲಾಟೆ ಆಗಿಬಿಟ್ಟಿತು. ಬಸುಗೆ ಗಣಪತಿ ಸಿಕ್ಕಿದ್ದ. ಕಥೆ ಹೇಳುವ ಮೊದಲು ಅವನು ಚಪ್ಪಲಿ ಬಿಟ್ಟ. ಅವನನ್ನು ನೋಡಿ ಎಲ್ಲರೂ ಬಿಟ್ಟರು. ಆಮೇಲೆ ವಾಟರ್ ಬಾಟಲಿಯ ಮುಚ್ಚಳ ತೆಗೆದು ಗಣಪತಿಯ ತಲೆಯ ಮೇಲೆ ನೀರು ಸುರಿದ. ತನ್ನ ಹಣೆಯ ವಿಭೂತಿಯನ್ನೇ ಒರೆಸಿ ಸೊಂಡಿಲಿಗೆ ಹಚ್ಚಿದ. ಗಾರ್ಡ್ ಎಲ್ಲಿದ್ದನೋ, ಓಡಿ ಬಂದ.

“ಏ, ಏ! ಏನ್ ಮಾಡ್ಲಿಕತ್ತೀ? ಇದು ಗುಡಿ ಅಲ್ಲೋ!”

“ಮತ್ತ ದೇವರನ್ನ ಯಾಕ ಇಟ್ಟೀರಿ?” ಎಂದ ಬಸು.

ಗಾರ್ಡ್ ನನ್ನ ಮುಖ ನೋಡಿದ. ನಾನು ಫ್ಯಾನಿನ ಕಡೆ ನೋಡಿದೆ. ಹುಡುಗನದೇನು ತಪ್ಪು ಹೇಳಿ? ನೆಟ್ಟಗೆ ನಿಂತ ಕಲ್ಲು ಕಂಡರೆ ಕುಂಕುಮ ಹಚ್ಚುವ ಜನ ನಾವು. ಚಿತ್ತಾಪುರ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿಗೆ ಕುಂಕುಮ ಬಿದ್ದು ಬಿದ್ದು, ಯಾವ ಊರಿಗೆ ಎಷ್ಟು ದೂರ ಎಂಬುದು ಈಗ ಆ ದೇವರಿಗೇ ಗೊತ್ತು. ದೇವರನ್ನು ತಂದು ನಿಲ್ಲಿಸಿ, ಮುಟ್ಟಬೇಡಿ ಎಂದು ಬೋರ್ಡು ಹಾಕಿದರೆ ನಮ್ಮ ಕೈ ಕೇಳೀತೇ? ಕ್ಷಮೆ ಕೇಳಿ, ನನ್ನ ಸೆರಗಿನಿಂದಲೇ ಗಣಪತಿಯನ್ನು ಒರೆಸಿದೆ.

ಮಹಿಷಾಸುರಮರ್ದಿನಿ ಸಿಕ್ಕ ಹುಡುಗಿಗೆ ಇನ್ನೊಂದು ತಕರಾರು. ಅವರ ಮನೆಯಲ್ಲಿ ಹೈನು ಇದೆ. “ಎಮ್ಮಿ ಏನು ತಪ್ಪು ಮಾಡ್ಯಾದ್ರಿ, ಹಿಂಗ ತುಳೀಲಿಕತ್ತಾಳ?” ಎಂದು ದೇವಿಯ ಮೇಲೇ ಸಿಟ್ಟಾದಳು. ಅದು ಎಮ್ಮೆಯಲ್ಲ, ಕೋಣದ ರೂಪದ ರಾಕ್ಷಸ ಎಂದು ತಿಳಿಹೇಳಿದೆ. “ಕೋಣ ಅಂದ್ರೂ ಎಮ್ಮಿ ಮಗನೇ ಅಲ್ರಿ?” ಎಂದಳು. ನಾನು ಬಿಸ್ಕತ್ತು ಕೊಟ್ಟೆ.

ಈ ಹೊತ್ತಿಗೇ ಕರುಣಾ ದೂರು ತಂದದ್ದು.

ಅವಳ ಕೈ ಹಿಡಿದು ನಾನೇ ಹುಡುಕಲು ಹೊರಟೆ, ಉಳಿದವರೂ ಹಿಂದೆ ಬಂದರು. ಕಣ್ಣು ಮುಚ್ಚಿ ಪದ್ಮಾಸನದಲ್ಲಿ ಕೂತ ಬುದ್ಧನನ್ನೇ ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಹಳೆಯ ಕಲ್ಲಿನ ಹಲಗೆಗಳ ಒಂದು ಸಾಲೇ ಇತ್ತು. ಆನೆ, ಹೂವಿನ ಬಳ್ಳಿ, ಮರ, ಚಕ್ರ, ಜನ, ಜನ. ಬುದ್ಧ ಮಾತ್ರ ಇಲ್ಲ. ಒಂದು ಕಲ್ಲಿನ ಮುಂದೆ ನಿಂತೆವು. ನಡುವೆ ದಿಂಬು ಹಾಕಿದ ಚಂದದ ದೊಡ್ಡ ಪೀಠ. ಮೇಲೆ ಛತ್ರಿ, ಕೆಳಗೆ ಎರಡು ಪಾದದ ಗುರುತು. ಸುತ್ತ ಗಂಡಸರು ಹೆಂಗಸರು ಕೈ ಮುಗಿದಿದ್ದಾರೆ. ಪೀಠ ಖಾಲಿ.

ನನಗೆ ಗೊತ್ತಿಲ್ಲ ಎನ್ನಬಹುದಿತ್ತು. ಅಂಕಣಕಾರರಿಗೆ ಆ ಮಾತು ಸುಲಭಕ್ಕೆ ಬಾಯಿಗೆ ಬರುವುದಿಲ್ಲ. “ಇದು ಅರ್ಧಕ್ಕೆ ನಿಂತ ಕೆಲಸ. ಶಿಲ್ಪಿ ಎಲ್ಲಾ ಮುಗಿಸಿ ಬುದ್ಧನನ್ನ ಕಡೀಗೆ ಕೆತ್ತೋಣ ಅಂದಿರಬೇಕು. ಅಷ್ಟರಾಗ ಏನೋ ಆಗಿದೆ,” ಎಂದು ಗಂಭೀರವಾಗಿ ಹೇಳಿದೆ. ನಮ್ಮ ಓಣಿಯ ಗಟಾರ ಕಂಡ ಮಕ್ಕಳು, ಅರ್ಧಕ್ಕೆ ನಿಂತ ಕೆಲಸವೆಂದರೆ ಕೂಡಲೇ ನಂಬಿಬಿಟ್ಟರು.

ಬಸು ಮಾತ್ರ ಬೇರೆ ವಿಚಾರ ಮಾಡಿದ. ಪೀಠದ ಮೇಲಿನ ದಿಂಬನ್ನೂ ಛತ್ರಿಯನ್ನೂ ನೋಡಿ, “ಅಲ್ರಿ ಆಂಟಿ. ಕುರ್ಚಿ ಹಾಕ್ಯಾರ, ಮಂದಿ ಬಂದು ನಿಂತಾರ. ಸಾಹೇಬ್ರೇ ಇನ್ನಾ ಬಂದಿಲ್ಲ!” ಎಂದ.

ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡುವುದು? ನಮ್ಮ ಕಡೆಯ ಸಮಾರಂಭದ ಪಕ್ಕಾ ಚಿತ್ರ ಅದು. ವೇದಿಕೆಯ ನಡುವೆ ಟರ್ಕಿ ಟವೆಲ್ಲು ಹೊದಿಸಿದ ಕುರ್ಚಿ. ಅದರ ಮೇಲೆ ನೊಣ ಕೂರಬಹುದು, ನಾವು ಕೂರುವಂತಿಲ್ಲ. ಮಕ್ಕಳು ಬೆಳಿಗ್ಗೆಯಿಂದ ಸ್ವಾಗತಗೀತೆ ಬಾಯಲ್ಲಿಟ್ಟುಕೊಂಡು ಬಿಸಿಲಲ್ಲಿ ನಿಂತಿರುತ್ತಾರೆ. ‘ಸಾಹೇಬರು ಶಹಾಬಾದ್ ಬಿಟ್ಟಿದ್ದಾರೆ’ ಎಂದು ಮೈಕಿನಲ್ಲಿ ಹೇಳುತ್ತಲೇ ಇರುತ್ತಾರೆ.

ನಮ್ಮ ನಗುವಿನ ನಡುವೆ ಕರುಣಾಳ ಕಣ್ಣಿನಿಂದ ನೀರು ಇಳಿಯಿತು. ಆಗ ನನಗೆ ನಿಜಕ್ಕೂ ಕೆಡುಕೆನಿಸಿತು. ಸೀಟಿನ ಆಸೆ ಅವಳಿಗೂ ಇತ್ತು, ಸುಳ್ಳೇಕೆ ಹೇಳಲಿ. ಆದರೆ ಈ ಅಳು ಸೀಟಿನದಲ್ಲ. ಎಲ್ಲರ ಮನೆಯ ದೇವರೂ ಇಲ್ಲಿ ಇದ್ದು, ತನ್ನ ಮನೆಯವನು ಮಾತ್ರ ಇಲ್ಲ ಎನ್ನುವ ಅಳು. ಅವಳಿಗೆ ಬೇರೆ ಚೀಟಿ ಕೊಡೋಣವೆಂದು ಪರ್ಸಿಗೆ ಕೈ ಹಾಕಿದೆ. ಹನುಮಂತ ಒಬ್ಬ ಉಳಿದಿದ್ದ.

“ಬ್ಯಾಡ್ರಿ,” ಎಂದಳು. ಮೂಗು ಒರೆಸಿಕೊಂಡು ಮತ್ತೆ ಆ ಕಲ್ಲಿನ ಮುಂದೆಯೇ ನಿಂತಳು. ಒಬ್ಬೊಬ್ಬರ ಮುಖವನ್ನೂ ಬಗ್ಗಿ ಬಗ್ಗಿ ನೋಡಿದಳು. ಆಮೇಲೆ ಬಸುವನ್ನು ಕರೆದಳು.

“ಏ ಬಸ್ಯಾ, ನಮ್ಮ ಸಾಲ್ಯಾಗ ಸಾಹೇಬ್ರು ಬರೋದಿದ್ರ ನಾವು ಎಲ್ಲಿ ನೋಡ್ತಿರ್ತೀವಿ?”

“ಗೇಟಿನ ಕಡಿ.”

“ಇದ್ರಾಗ ಒಬ್ಬರರ ಗೇಟಿನ ಕಡಿ ನೋಡ್ಲಿಕತ್ತಾರೇನು? ಎಲ್ಲಾರೂ ಕುರ್ಚಿ ಕಡಿನೇ ನೋಡ್ಲಿಕತ್ತಾರ. ನಗಲಿಕತ್ತಾರ. ಕಾದು ಕಾದು ಸಾಕಾದವ್ರು ಹಿಂಗ ನಗತಾರೇನು? ಅಂವ ಬಂದಾನ. ಕುಂತಾನ. ಅವ್ರಿಗೆ ಕಾಣಸ್ತಾನ, ನಮಗ ಕಾಣ್ಸವಲ್ಲ.”

ಬಸು ವಾದಕ್ಕಿಳಿಯದೆ ಬಗ್ಗಿ ಕಲ್ಲು ನೋಡಿದ. (ವಾಡಿಯ ಇತಿಹಾಸದಲ್ಲಿ ಇದೇ ಮೊದಲಿರಬೇಕು.) ನಾನು ಕಲ್ಲನ್ನು ಮತ್ತೆ ನೋಡಿದೆ. ಹೌದು, ಒಬ್ಬರ ಕತ್ತೂ ಬೇರೆ ಕಡೆ ತಿರುಗಿರಲಿಲ್ಲ. ಒಬ್ಬ ಹೆಂಗಸಂತೂ ಪಾದದ ಗುರುತಿಗೆ ಹಣೆ ಹಚ್ಚಿದ್ದಳು. ಕಲ್ಲಿನ ಪಕ್ಕದಲ್ಲೇ ಗೋಡೆಗೆ ಒಂದು ಬೋರ್ಡು ಇತ್ತು. ಅಚ್ಚ ಕನ್ನಡದಲ್ಲೇ ಇತ್ತು. ಪಾಠ ಹೇಳುವ ಅವಸರದಲ್ಲಿ ನಾನು ಅದರ ಕಡೆ ಕಣ್ಣೂ ಹಾಯಿಸಿರಲಿಲ್ಲ. ಈಗ ಕನ್ನಡಕ ಹಾಕಿಕೊಂಡು ಓದಿದೆ. ಆ ಕಾಲದ ಇಂಥ ಶಿಲ್ಪಗಳಲ್ಲಿ ಬುದ್ಧನ ಆಕಾರ ಕೆತ್ತುತ್ತಿರಲಿಲ್ಲ, ಖಾಲಿ ಪೀಠ, ಪಾದ, ಮರ, ಚಕ್ರ ಇವುಗಳಿಂದಲೇ ಅವನನ್ನು ತೋರಿಸುತ್ತಿದ್ದರು ಎಂದಿತ್ತು.

ಅಂದರೆ ಆ ಸಾಲಿನಲ್ಲಿ ನಾವು ದಾಟಿ ಬಂದ ಕಲ್ಲುಗಳಲ್ಲೆಲ್ಲ ಅವನಿದ್ದ. ಕರುಣಾ ಓಡಿದಳು. “ಇಲ್ಲಿ ಅದಾನ! ಇಲ್ಲೂ ಅದಾನ! ಆಂಟಿ, ಗಿಡದ ಬುಡಕ ನೋಡ್ರಿ!” ಎಂದು ಕೂಗಿ ಕೂಗಿ ಗಾರ್ಡ್ ಮತ್ತೆ ಓಡಿ ಬರುವಂತೆ ಮಾಡಿದಳು. ಬಸು ಬಾಟಲಿ ಹಿಡಿದು ಹಿಂದೆಯೇ ಹೊರಟಿದ್ದ. ಬಾಟಲಿ ಕಸಿದುಕೊಂಡೆ.

ಬಹುಮಾನ ಯಾರಿಗೆಂದು ನಾನು ಹೇಳುವ ಮೊದಲೇ ಬಸು ಹೇಳಿದ. “ಸೀಟ್ ಅಕೀದು ಬಿಡ್ರಿ.” ಹೇಳುವಾಗ ಹೊಟ್ಟೆ ಉರಿದಿರಬೇಕು. ಆದರೂ ಹೇಳಿದ.

ಸಮಸ್ಯೆ ಶುರುವಾದದ್ದು ಆಮೇಲೆ. ಕರುಣಾ ಕ್ರೂಸರಿನ ಮುಂದಿನ ಬಾಗಿಲು ತೆಗೆದಳು, ಸೀಟಿನ ಧೂಳು ಒರೆಸಿದಳು, ಬಾಗಿಲು ಹಾಕಿ ಹಿಂದೆ ಬಂದು ಕೂತಳು.

“ಯಾಕವ್ವಾ?” ಎಂದ ಮೌಲಾಸಾಬ.

“ಅಲ್ಲಿ ಬುದ್ಧ ಕುಂತಾನ.”

ಮೌಲಾಸಾಬ ಸೀಟು ನೋಡಿದ, ನನ್ನನ್ನು ನೋಡಿದ, ಗಾಡಿ ಚಾಲೂ ಮಾಡಿದ. ಕ್ರೂಸರಿನಲ್ಲಿ ಖಾಲಿ ಸೀಟು! ನಮ್ಮ ಸೀಮೆಯಲ್ಲಿ ಇಂಥದ್ದನ್ನು ಕಂಡವರುಂಟೇ? ಬಾಗಿಲಿಗೆ ಜೋತವರಿಗೂ ‘ಒಳಗ ರಗಡ ಜಾಗಾ ಅದ, ಸರೀರಿ’ ಎನ್ನುವ ವಾಹನ ಅದು. ಹಿಂದೆ ನನ್ನ ಒಂದು ಮೊಣಕಾಲನ್ನು ಸ್ಟೆಪ್ನಿ ಒತ್ತುತ್ತಿತ್ತು, ಇನ್ನೊಂದನ್ನು ಬಸು. ಧೂಳು ಮೂಗಿಗೆ ಬರುತ್ತಿತ್ತು.

ಸ್ವಲ್ಪ ದೂರ ತಡೆದೆ. ಆಮೇಲೆ ಮೆಲ್ಲಗೆ, “ಕರುಣಾ, ನೀ ಹ್ಯಾಂಗೂ ಕುಂದ್ರವಲ್ಲಿ. ನಾ ಮುಂದ ಹೋಗಲೇನು?” ಎಂದೆ.

“ಅಂವ ಅದಾನಲ್ರಿ.”

ಇನ್ನೊಂದು ದೊಡ್ಡ ತಗ್ಗು ಹಾರಿದ ಮೇಲೆ ಶಾಸ್ತ್ರದ ದಾರಿ ಹಿಡಿದೆ. “ಅಲ್ಲವ್ವಾ, ಬುದ್ಧ ರಾಜನ ಕುರ್ಚಿ ಬಿಟ್ಟು ಹೋದಾಂವ. ಅವನಿಗೆ ಸೀಟಿನ ಆಸೆ ಇರಂಗಿಲ್ಲ.”

“ಆಸೆ ಇಲ್ಲದವ್ರಿಗೇ ಕೊಡಬೇಕ್ರಿ,” ಎಂದಳು. ಹಿಂದಿದ್ದವರೆಲ್ಲ ನನ್ನ ಕಡೆ ನೋಡಿದರು. ನಾನು ಕಿಟಕಿಯ ಹೊರಗೆ ತೊಗರಿ ಹೊಲ ನೋಡತೊಡಗಿದೆ.

ನಾಲವಾರಕ್ಕೆ ಇನ್ನೂ ದೂರವಿತ್ತು. ರಸ್ತೆ ಬದಿಯಲ್ಲಿ ಒಬ್ಬ ಮುದುಕಿ ಕೈ ಮಾಡಿದಳು. ಗಾಡಿ ಬಾಡಿಗೆಗೆ ಹಿಡಿದದ್ದು, ನಿಲ್ಲಿಸುವಂತಿಲ್ಲ. ಆದರೆ ಎತ್ತಿದ ಕೈ ಕಂಡರೆ ಮೌಲಾಸಾಬನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ, ವರ್ಷಗಳ ಅಭ್ಯಾಸ. ನಿಂತ ಮೇಲೆ ಅವನಿಗೇ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಮುದುಕಿಯ ಕಂಕುಳಲ್ಲಿ ಹಸಿ ತೊಗರಿಕಾಯಿ ತುಂಬಿದ ಬುಟ್ಟಿ. ನಾಲವಾರ ಸ್ಟೇಷನ್ನಿಗೆ ಹೋಗಬೇಕಂತೆ, ರೈಲು ತಪ್ಪುತ್ತದಂತೆ.

“ಜಾಗಾ ಅದೇನಪ್ಪಾ?” ಎಂದಳು, ಖಾಲಿ ಸೀಟನ್ನೇ ನೋಡುತ್ತ.

ಮೌಲಾಸಾಬ ತಿರುಗಿ ಕರುಣಾಳನ್ನು ನೋಡಿದ. ನಾವೆಲ್ಲರೂ ಅವಳನ್ನೇ ನೋಡಿದೆವು. ಪಾಪ, ಎಂಟು ವರ್ಷದ ಮಗು. ಅಳುತ್ತ ಹುಡುಕಿ ಗೆದ್ದದ್ದು ಅದೊಂದೇ ಸೀಟು. ನಾನೇ ಏನಾದರೂ ಹೇಳಿ ಮುದುಕಿಯನ್ನು ಹಿಂದೆ ತುರುಕೋಣ ಎಂದುಕೊಳ್ಳುವಷ್ಟರಲ್ಲಿ ಕರುಣಾ ನಮ್ಮ ಮೊಣಕಾಲುಗಳನ್ನೆಲ್ಲ ದಾಟಿ ಹಿಂದಿನ ಬಾಗಿಲಿಂದ ಇಳಿದು ಮುಂದೆ ಓಡಿದಳು. ಬಾಗಿಲು ತೆಗೆದಳು. ಬುಟ್ಟಿಗೆ ಕೈ ಕೊಟ್ಟಳು.

“ಬಾ ಆಯಿ, ಇಲ್ಲಿ ಕುಂದ್ರು.”

ಮುದುಕಿ ಕಾಲು ಚಾಚಿ ಆರಾಮಾಗಿ ಕೂತು, ಎಲ್ಲ ಮಕ್ಕಳಿಗೂ ಮುಷ್ಟಿ ಮುಷ್ಟಿ ತೊಗರಿಕಾಯಿ ಹಂಚಿದಳು. ಕರುಣಾ ಮತ್ತೆ ಹತ್ತಿ ನನ್ನ ಪಕ್ಕ ಸಿಕ್ಕಿಕೊಂಡಳು. ಬಸು ಬಿಡುತ್ತಾನೆಯೇ? ಕಾಯಿ ಸುಲಿಯುತ್ತಲೇ ಕೇಳಿದ, “ಮತ್ತ ಬುದ್ಧ?”

“ಆಯೀನ ನೋಡಿ ಎದ್ದು ಜಾಗಾ ಕೊಟ್ಟ,” ಎಂದಳು ಕರುಣಾ.

ಅದೂ ಸರಿಯೇ. ಆದರೆ ಮ್ಯೂಸಿಯಂನಿಂದ ಅಲ್ಲಿಯವರೆಗೆ ಅದೇ ಸೀಟನ್ನು ನಾನೂ ಕೇಳುತ್ತಲೇ ಬಂದಿದ್ದೆನಲ್ಲ, ನನ್ನನ್ನು ನೋಡಿ ಆತ ಯಾಕೆ ಏಳಲಿಲ್ಲ?